ಹದಿನಾರಾಣೆ ಪೊಟ್ಟಣ

ನಮ್ಮ ಊರಿನಲ್ಲಿ ಪೊಟ್ಟಣ ಒಡೆಯುವಂತಿಲ್ಲ. ಮದುವೆ ಮುರಿಯಬಹುದು, ಕೊಟ್ಟ ಮಾತು ಮುರಿಯಬಹುದು, ಕೈಕಾಲು ಮುರಿದರೆ ಕಟ್ಟು ಹಾಕುವವರಿದ್ದಾರೆ. ಪೊಟ್ಟಣ ಮಾತ್ರ ಒಡೆಯುವಂತಿಲ್ಲ. ಇದನ್ನು ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ. ಒಲೆಗೆ ಕೈ ಇಡಬಾರದು ಎಂದು ತಿಳಿಯುವ ಹೊತ್ತಿಗೆ ಇದೂ ತಿಳಿದಿರುತ್ತದೆ.

ಪೊಟ್ಟಣವೆಂದರೆ ಅಂಗೈಯಗಲದ ಒಂದು ಕಟ್ಟು. ಮೇಲೆ ಮೇಣದ ಕಾಗದ, ಒಳಗೆ ಕಬಡ್ಡಿ ಆಟಗಾರರ ನಾಲ್ಕೈದು ಚಿತ್ರಗಳು, ಜೊತೆಗೆ ಒಂದು ಪೆಪ್ಪರ್‌ಮಿಂಟ್ ಬಿಲ್ಲೆ. ಹೀಗೆಂದು ಹಿರಿಯರು ಹೇಳಿದ್ದಾರೆ, ನಾವು ನಂಬಿದ್ದೇವೆ.

ಒಂದು ಕಾಲದಲ್ಲಿ ಊರಿಗೊಂದು ತಂಡವಿತ್ತು. ಅಂಗಳದ ಪಕ್ಕದ ಕೊಟ್ಟಿಗೆಯಲ್ಲಿ ಆಟಗಾರರ ಚಿತ್ರ ಅಚ್ಚಾಗುತ್ತಿತ್ತು, ಅಲ್ಲೇ ಪೊಟ್ಟಣ ಕಟ್ಟುತ್ತಿದ್ದರು. ಮಕ್ಕಳು ಪೊಟ್ಟಣ ಹರಿದು, ಬಿಲ್ಲೆ ಬಾಯಿಗೆ ಹಾಕಿಕೊಂಡು, ಚಿತ್ರಗಳನ್ನು ಗೋಡೆಗೆ ಬಡಿದು ಆಡಿ ಚಿಂದಿ ಮಾಡುತ್ತಿದ್ದವು. ಆಗ ಅದನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ. ಒಂದು ದಿನ ತಂಡ ಆಚೆ ದಡದವರ ಮೇಲೆ ಆಡಲು ಹೊಳೆ ದಾಟಿತು. ದೋಣಿ ತಿರುಗಿ ಬರಲಿಲ್ಲ. ಹೊಳೆ ಒಂದು ಹೆಣವನ್ನೂ ದಡಕ್ಕೆ ತಂದು ಕೊಡಲಿಲ್ಲ.

ಆ ವಾರ ಊರಿನವರು ಒಬ್ಬರಿಗೊಬ್ಬರು ಹೇಳಿಕೊಂಡರು: ಒಡೆಯದ ಪೊಟ್ಟಣದೊಳಗೆ ಹುಡುಗರು ಇನ್ನೂ ಆಡುತ್ತಿದ್ದಾರೆ. ಒಡೆದರೆ ಆಟ ಮುಗಿದು ಹೋಗುತ್ತದೆ. ಸಂಕಟದಲ್ಲಿ ಆಡಿದ ಮಾತು, ಅದಕ್ಕೆ ತಪ್ಪು ಹಿಡಿಯಬಾರದು. ಆದರೆ ಸಂಕಟಪಟ್ಟವರು ಒಬ್ಬೊಬ್ಬರಾಗಿ ಹೋದರು, ಮಾತು ಹಾಗೇ ಉಳಿಯಿತು. ಕೊನೆಗೆ ಯಾರ ಪೊಟ್ಟಣದೊಳಗೆ ಯಾರಿದ್ದಾರೆ ಎಂದು ಕೇಳುವವರಿಲ್ಲದಂತಾಗಿ, ಯಾರ ಪೊಟ್ಟಣ ಎಷ್ಟು ಚೆನ್ನಾಗಿದೆ ಎಂದು ಕೇಳುವವರೇ ತುಂಬಿಕೊಂಡೆವು.

ಅದನ್ನು ನೋಡಿ ಹೇಳುವವನು ಚಿನಿವಾರ. ಬೇರೆ ಊರುಗಳಲ್ಲಿ ಚಿನ್ನದ ನಾಣ್ಯ ನೋಡುವವರಿಗೆ ಈ ಹೆಸರಿತ್ತಂತೆ. ನಮ್ಮಲ್ಲಿ ಚಿನ್ನವಿಲ್ಲ. ಚಳಿ ಹೋಗಿ ಗಾಳಿ ಒಣಗಿದ ದಿನ ಅವನು ಊರ ಕಟ್ಟೆಯ ಮೇಲೆ ಕೂರುತ್ತಾನೆ. ಸೀಗೆಪುಡಿಯಲ್ಲಿ ಕೈ ತೊಳೆದು, ಬೆರಳನ್ನು ಬಿಸಿಲಿಗೆ ಹಿಡಿದು ಒಣಗಿಸುತ್ತಾನೆ. ಕರಿಕಂಬಳಿಯ ಮೇಲೆ ಪೊಟ್ಟಣವಿಟ್ಟು ಮೊದಲು ಮೂಸುತ್ತಾನೆ. ಒಡೆದು ಮತ್ತೆ ಅಂಟಿಸಿದ್ದರೆ ಗೋಂದಿನ ವಾಸನೆ ಬರುತ್ತದೆ. ಆಮೇಲೆ ಬೆಳಕಿಗೆ ಹಿಡಿಯುತ್ತಾನೆ. ಆಮೇಲೆ ಮೂಲೆ ಮುಟ್ಟುತ್ತಾನೆ. ಮುಟ್ಟುತ್ತಾ ರಾಗವಾಗಿ ಹೇಳುತ್ತಾನೆ:

"ಮೂಲೆ ನಾಲ್ಕು, ಮಡಿಕೆ ಎರಡು, ಬೆಸುಗೆ ಒಂದು. ಒಳಗಿರೋದು ಒಳಗೇ ಇರಲಿ."

ಕೆಳಗೆ ನಿಂತ ನಾವು ಹೇಳುತ್ತೇವೆ: "ಒಳಗೇ ಇರಲಿ."

ಎಲ್ಲೂ ಕುಂದಿಲ್ಲದಿದ್ದರೆ ಹದಿನಾರಾಣೆ. ಅಂಚು ಸವೆದಿದ್ದರೆ ಹದಿನಾಲ್ಕಾಣೆ. ಮೇಣ ಮಂಕಾಗಿದ್ದರೆ ಹನ್ನೆರಡಾಣೆ. ಮಡಿಕೆ ಬಿರಿದಿದ್ದರೆ ಹತ್ತೋ ಎಂಟೋ. ಎಂಟಾಣೆಯಿಂದ ಮೇಲಿನದೆಲ್ಲ ಕಟ್ಟೆಯ ಹಿಂದಿನ ದೊಡ್ಡ ಗೋಡೆಯಲ್ಲಿ ಒಂದೊಂದು ಗಾಜಿನ ಗೂಡು ಸೇರುತ್ತದೆ, ಗೂಡಿನ ಬಾಯಿಗೆ ಸೀಸ ಕಾಯಿಸಿ ಹೊಯ್ಯುತ್ತಾರೆ. ಆ ಮನೆಯವರಿಗೆ ಊಟದ ಪಂಕ್ತಿಯಲ್ಲಿ ಮೊದಲ ಎಲೆ. ಗೋಡೆಯ ನಟ್ಟನಡುವೆ ಒಂದು ಗೂಡು ಖಾಲಿಯಿತ್ತು. ಅದು ಹದಿನಾರಾಣೆಗೆಂದು ಇಟ್ಟದ್ದು. ಯಾವ ಚಿನಿವಾರನ ಕೈಗೂ ಹದಿನಾರಾಣೆ ಸಿಕ್ಕಿರಲಿಲ್ಲ.

ಎಂಟರ ಕೆಳಗೆ ಬಿದ್ದದ್ದು ಹಾಳು. ಅದನ್ನು ತಂದವರಿಗೇ ಕೊಟ್ಟುಬಿಡುತ್ತಾರೆ. ಕೊಡುವ ಮೊದಲು ತಂದವರು ಎಲ್ಲರಿಗೂ ಕೇಳುವ ಹಾಗೆ ಒಂದು ಮಾತು ಹೇಳಬೇಕು: "ಹೌದು, ನಾನು ಜೋಪಾನ ಮಾಡಲಿಲ್ಲ." ಹೇಳಿದ ಮೇಲೆ ಮನೆಗೆ ಒಯ್ದು, ಬಾಗಿಲು ಹಾಕಿಕೊಂಡು, ಬೇಕಾದರೆ ಒಡೆದು ನೋಡಬಹುದು. ಹೊತ್ತು ಮುಳುಗುವುದರೊಳಗೆ ಎಲ್ಲವೂ ಒಲೆ ಸೇರಬೇಕು. ಅಂಥ ಮನೆಗಳ ಹೊಗೆ ನೋಡಿ ನಾವು ನಾಲಿಗೆ ಲೊಚಗುಟ್ಟುತ್ತಿದ್ದೆವು. ಒಂದೆರಡು ಸಲ ಅಂಥ ಮನೆಯೊಳಗಿಂದ ನಗು ಕೇಳಿಸಿತೆಂದು ಯಾರೋ ಹೇಳಿದರು. ಅವಮಾನದಲ್ಲಿ ಬುದ್ಧಿ ಕೆಟ್ಟಿರಬೇಕು ಎಂದುಕೊಂಡೆವು.

ಕೊನೆಯ ಬೀದಿಯಲ್ಲಿ ಹಪ್ಪಳದವಳಿದ್ದಳು. ಹಪ್ಪಳ ಮಾಡುವವರಿಗೆ ತೇವವೇ ಶತ್ರು. ಮೋಡ ಕಾಣುವ ಮೊದಲೇ ಅವಳ ಅಂಗೈಗೆ ಮಳೆ ತಿಳಿಯುತ್ತಿತ್ತು. ಅವಳ ಮನೆಯಿಂದ ಬಿರುಕು ಬಿಟ್ಟ ಹಪ್ಪಳ ಹೊರಗೆ ಹೋದದ್ದಿಲ್ಲ. ಬಿರುಕು ಬಿಟ್ಟದ್ದನ್ನು ಅವಳೇ ನೆನೆಸಿ ತಿನ್ನುತ್ತಿದ್ದಳು. ನೆಂಟರಿಗೂ ಕೊಡುತ್ತಿರಲಿಲ್ಲ. ಅಷ್ಟು ಬಿಂಕ.

ಹೊಳೆಗೆ ಹೋದ ತಂಡದಲ್ಲಿ ಅವಳ ಮಗನಿದ್ದ. ಹೋಗುವ ದಿನ ಬೆಳಿಗ್ಗೆ, ಚಾಪೆಯ ಮೇಲೆ ಹಪ್ಪಳ ಹರಡುತ್ತಿದ್ದ ತಾಯಿಯ ಮಡಿಲಿಗೆ ಅವನು ಒಂದು ಪೊಟ್ಟಣ ಹಾಕಿದ. "ಅವ್ವಾ, ಇದನ್ನ ನಾನೇ ಕಟ್ಟಿದ್ದು. ಮೇಲ್ಗಡೆ ಇರೋದು ನನ್ನ ಚಿತ್ರ. ಬಂದ ಮೇಲೆ ಇಬ್ರೂ ಕೂತು ಒಡೆಯಾನ. ಜೋಪಾನ," ಎಂದ. ಅವಳಿಗೆ ಕೈತುಂಬ ಹಿಟ್ಟು. ತಲೆಯೆತ್ತದೆ "ಹ್ಞೂ" ಎಂದಳು.

ಅಂದಿನಿಂದ, ಕಟ್ಟೆಗೂ ಒಯ್ಯದೆ, ಜೋಪಾನ ಮಾಡಿದಳು. ಬಿಳಿ ಬಟ್ಟೆಯಲ್ಲಿ ಸುತ್ತಿ, ಬೇವಿನೆಲೆ ಹಾಕಿ, ಹುರಿದ ರಾಗಿ ತುಂಬಿದ ಗಡಿಗೆಯ ನಡುವೆ ಹೂತಿಟ್ಟಳು. ತೇವ ಬಂದರೆ ರಾಗಿ ಹೀರಿಕೊಳ್ಳಲಿ, ಹುಳ ಬಂದರೆ ಬೇವು ತಡೆಯಲಿ ಎಂದು. ಹುಣ್ಣಿಮೆಗೊಮ್ಮೆ ರಾಗಿ ಬದಲಾಯಿಸಿದಳು. ಬೇಸಗೆಯಲ್ಲಿ ಗಡಿಗೆಯನ್ನು ನೆರಳಿಗೆ, ಮಳೆಗಾಲದಲ್ಲಿ ಒಲೆಯ ಹಿಂದಕ್ಕೆ ಸರಿಸಿದಳು. ಕೂದಲು ನೆರೆಯಿತು. ಮಗ ಬಂದ ಮೇಲೆ ಒಡೆಯಬೇಕೆಂಬ ಮಾತು ಹಿಂದೆ ಬಿತ್ತು, ಗಡಿಗೆ ಸರಿಸುವ ಕೆಲಸ ಮಾತ್ರ ನಿಲ್ಲಲಿಲ್ಲ.

ಪಕ್ಕದ ಮನೆಯಲ್ಲಿ ಮಡಕೆಯವಳಿದ್ದಳು, ಆಚೆ ದಡದಿಂದ ಮದುವೆಯಾಗಿ ಬಂದವಳು. ಮಡಕೆ ಮಾಡುವ ಮನೆಯಲ್ಲಿ ಸದಾ ಹಸಿಮಣ್ಣು. ಅವಳ ಅತ್ತೆ ಬಿಟ್ಟುಹೋದ ಪೊಟ್ಟಣವನ್ನು ಚಿನಿವಾರ ಮೂಸಿದವನೇ ನಾಲ್ಕಾಣೆ ಎಂದ. ಅವಳು ನೆಟ್ಟಗೆ ನಿಂತು, ಸಂತೆಯಲ್ಲಿ ಮಡಕೆ ಕೂಗುವ ದನಿಯಲ್ಲೇ, "ಹೌದು, ನಾನು ಜೋಪಾನ ಮಾಡಲಿಲ್ಲ," ಎಂದು ಪೊಟ್ಟಣ ಸೆರಗಿಗೆ ಕಟ್ಟಿಕೊಂಡು ಮನೆಗೆ ನಡೆದಳು. ಹೊರಗಿನವಳು, ನಾಚಿಕೆ ಎಲ್ಲಿಂದ ಬರಬೇಕು ಎಂದು ನಾವು ಆಡಿಕೊಂಡೆವು.

ಹಪ್ಪಳದವಳು ಆ ಸಂಜೆ ಅವಳ ಸೂರಿನಿಂದ ಏಳುವ ಹೊಗೆ ನೋಡುತ್ತಾ ನಿಂತಿದ್ದಳು. ಮರುದಿನ ಗೋಡೆಯ ಮೇಲಿಂದ ಕೇಳಿದಳು.

"ಒಡೆದ್ಯೇನೇ?"

"ಒಡೆದೆ ಕಣವ್ವ."

"ಏನಿತ್ತು?"

"ಗಂಡುಹುಡುಗ್ರ ಚಿತ್ರ. ನಾಕು ಒಂದಕ್ಕೊಂದು ಅಂಟ್ಕೊಂಡು ಮುದ್ದೆ ಆಗಿದ್ವು. ಒಂದು ಮಾತ್ರ ಚೆನ್ನಾಗಿತ್ತು. ಎಡಗಡೆ ಹುಬ್ಬು ಸೀಳಿತ್ತು ಅವನಿಗೆ. ನಗು ತಡ್ಕೊಂಡು ನಿಂತಿದ್ದ ಪಾಪ."

"ಯಾರಂತೆ?"

"ನಂಗೇನು ಗೊತ್ತವ್ವ, ನಾನು ಬರೋ ಹೊತ್ತಿಗೆ ಅವ್ರೆಲ್ಲ ಹೋಗಿದ್ರು. ಬೆನ್ನಿಗೆ ಹೆಸರು ಬರೆದಿದ್ರು, ಪೆಪ್ಪರ್‌ಮಿಂಟು ಅಂಟಿ ಅಳಿಸೋಗಿತ್ತು. ಮಧ್ಯಾಹ್ನ ಪೂರ್ತಿ ನೋಡ್ತಾ ಕೂತಿದ್ದೆ. ಒಲೆಗೆ ಹಾಕಕ್ಕೆ ಮನಸೇ ಬರ್ಲಿಲ್ಲ. ಆಮೇಲೆ ಹಾಕ್ದೆ."

ಹಪ್ಪಳದವಳು ಒಳಗೆ ಬಂದು ಹಿಟ್ಟಿನ ಮುಂದೆ ಕೂತಳು. ಮಗನಿಗೆ ಹುಬ್ಬು ಸೀಳಿತ್ತೇ ಎಂದು ನೆನಪು ಮಾಡಿಕೊಂಡಳು. ಹುಬ್ಬು ನೆನಪಿಗೆ ಬರಲಿಲ್ಲ. ಕಣ್ಣು ನೆನೆದಳು, ಅದೂ ಬರಲಿಲ್ಲ. ಮಡಿಲಿಗೆ ಬಿದ್ದ ಪೊಟ್ಟಣ ನೆನಪಿತ್ತು, ಜೋಪಾನ ಎಂದ ದನಿ ನೆನಪಿತ್ತು. ಅಂದು ತಲೆಯೆತ್ತಿ ನೋಡಿರಲಿಲ್ಲ. ಹೆತ್ತ ಮಗನ ಮುಖ ಮರೆತಿದ್ದೇನೆ ಎಂದು ಅವಳಿಗೆ ಅಂದು ತಿಳಿಯಿತು. ಹಿಟ್ಟು ಒಣಗುವವರೆಗೂ ಹಾಗೇ ಕೂತಿದ್ದಳು.

ಆ ಮುಖ ಊರಲ್ಲಿ ಇಲ್ಲವೆಂದಲ್ಲ. ಗೋಡೆಯ ಗೂಡುಗಳೊಳಗೆ ಎಷ್ಟೋ ಕಡೆ ಇದ್ದೀತು. ಎಲ್ಲವೂ ಮುಚ್ಚಿದ್ದವು. ಅವಳ ಕಣ್ಣಿಗೋ ಪೊರೆ ಬರತೊಡಗಿತ್ತು. ಸೂಜಿಯ ಕಣ್ಣು ಕಾಣದಾಗಿ, ಅಕ್ಕಿಯೊಳಗಿನ ಕಲ್ಲು ಕಾಣದಾಗಿ, ಈಗ ಎದುರು ಬಂದವರ ಮೂಗು ಮಾತ್ರ ಕಾಣುತ್ತಿತ್ತು. ಇನ್ನೊಂದು ಚಳಿಗಾಲ ಕಳೆದರೆ ಅದೂ ಇಲ್ಲ. ನೋಡುವುದಿದ್ದರೆ ಈ ಸಲವೇ ನೋಡಬೇಕು, ನೋಡಬೇಕಾದರೆ ಪೊಟ್ಟಣ ಹಾಳಾಗಬೇಕು.

ಹಾಳು ಮಾಡಲು ಅವಳು ಹೊರಟಳು. ಪೊಟ್ಟಣವನ್ನು ಇಬ್ಬನಿಗೆಂದು ಅಂಗಳದಲ್ಲಿಟ್ಟು ಬಂದಳು. ಬೆಳಗಾದಾಗ ಅದು ಅವಳ ಎದೆಯ ಹತ್ತಿರವೇ ಇತ್ತು, ಯಾವಾಗ ಎದ್ದು ತಂದಳೋ ಅವಳಿಗೇ ಗೊತ್ತಿಲ್ಲ. ಹೊಗೆ ಹಿಡಿಯಲಿ ಎಂದು ಒಲೆಯ ಮೇಲಿನ ಗೂಟಕ್ಕೆ ಕಟ್ಟಿದಳು. ಒಲೆ ಹೊತ್ತಿಸಲು ಕೈ ಬರಲಿಲ್ಲ, ಆ ದಿನ ಅಡುಗೆಯೇ ಇಲ್ಲ. ಮೂಲೆಯನ್ನು ಉಗುರಿನಲ್ಲಿ ಕೀಳಲು ಹೋದಳು. ಉಗುರು ಮೂಲೆಯ ಮೇಲೆ ನಿಂತಿತು, ಸವರಿತು, ಹಿಂದಕ್ಕೆ ಬಂತು. ಕೈ ಒಂದೇ ಕೆಲಸ ಕಲಿತಿತ್ತು, ಈಗ ಬೇರೆ ಹೇಳಿದರೆ ಕೇಳಲಿಲ್ಲ.

ಹಾಗಾಗಿ ಒಂದು ಮಧ್ಯಾಹ್ನ ಅವಳು ಚಿನಿವಾರನ ಮನೆಗೆ ಹೋದಳು. ಸುಳ್ಳಾಡದ ಕೈ ಅವನದು. ಹೆತ್ತ ತಂದೆಯ ಪೊಟ್ಟಣಕ್ಕೇ ಆರಾಣೆ ಎಂದು ಹೇಳಿ, ಮುದುಕನ ಬಾಯಿಂದ ಆ ಮಾತು ಹೇಳಿಸಿದ್ದ. ತಂದೆ ಆಮೇಲೆ ಸಾಯುವವರೆಗೂ ಅವನ ಕೈಯ ನೀರು ಕುಡಿಯಲಿಲ್ಲ.

ಚಿನಿವಾರ ಕೈ ತೊಳೆದು ಒಣಗಿಸಿದ. ಪೊಟ್ಟಣ ಮೂಸಿದ, ಬೆಳಕಿಗೆ ಹಿಡಿದ, ಒಂದು ಮೂಲೆ ಮುಟ್ಟಿದ, ಎರಡನೆಯದು ಮುಟ್ಟಿದ. ನಾಲ್ಕನೆಯದನ್ನು ಎರಡು ಸಲ ಮುಟ್ಟಿದ.

"ಅವ್ವಾ, ಇದು ಹದಿನಾರಾಣೆ," ಎಂದ. ಅವನ ಕಣ್ಣಲ್ಲಿ ನೀರಿತ್ತು. "ನನಗಿಂತ ಮುಂಚೆ ಕಟ್ಟೆ ಮೇಲೆ ಕೂತೋರು ಯಾರೂ ನೋಡ್ಲಿಲ್ಲ. ನನ್ನ ಕೈಗೆ ಸಿಕ್ತು."

"ನಂಗೆ ಹದಿನಾರು ಬೇಡ ಕಣಪ್ಪ. ಎಂಟರ ಕೆಳಗೆ ಎಷ್ಟಾದ್ರೂ ಹೇಳು."

"ಇಲ್ದಿರೋ ತಪ್ಪನ್ನ ಎಲ್ಲಿಂದ ತರ್ಲವ್ವಾ?"

"ನನ್ನ ಮಗನ ಮುಖ ಮರ್ತೋಗಿದೆ," ಎಂದಳು ಹಪ್ಪಳದವಳು. "ಕೆಂಚ ಅಂತ ಕರೀತಿದ್ದೆ. ಕೆಂಪಗಿದ್ದ ಅಂತ್ಲೇ ಕರ್ದಿರ್ಬೇಕು, ಈಗ ಅದೂ ಜ್ಞಾಪಕ ಇಲ್ಲ. ಮೇಲ್ಗಡೆ ಇರೋದು ಅವನೇ, ಅವನೇ ಹೇಳಿ ಹೋಗಿದ್ದಾನೆ. ಒಂದು ಕಾಗದದ ಆಚೆ ಅವ್ನೆ ಅಷ್ಟೇ. ನಂಗೆ ಒಂದು ಮಧ್ಯಾಹ್ನ ಕೊಡು ಸಾಕು. ಸಂಜೆಗೆ ನಾನೇ ಒಲೆಗೆ ಹಾಕ್ತೀನಿ."

ಹೊಳೆಗೆ ಹೋದವರಲ್ಲಿ ಒಬ್ಬರ ಹೆಸರನ್ನೂ ಯಾರ ಬಾಯಲ್ಲೂ ಚಿನಿವಾರ ಕೇಳಿರಲಿಲ್ಲ. ಪೊಟ್ಟಣದೊಳಗೆ ಹೆಸರಿದ್ದವರು ಇದ್ದಾರೆ ಎಂಬುದೇ ಅವನ ಕೈಗೆ ಹೊಸದು. ಅವನು ತನ್ನ ಬೆರಳುಗಳನ್ನು ನೋಡಿಕೊಂಡ.

"ಏಳಾಣೆ ಅಂತೀನಿ," ಎಂದ ಕೊನೆಗೆ. "ಕೆಳಗಿನ ಮೂಲೆಗೆ ತೇವ ಹೊಕ್ಕಿದೆ ಅಂತೀನಿ. ನೀವು ಆ ಒಂದು ಮಾತು ಹೇಳಿ, ಎತ್ಕೊಂಡು ಮನೆಗೆ ಹೋಗ್ಬಿಡಿ. ಹಿಂದಕ್ಕೆ ತಿರುಗಿ ನೋಡ್ಬೇಡಿ."

"ಹೇಳ್ತೀನಿ. ಅದೇನು ದೊಡ್ಡ ಮಾತು," ಎಂದಳು.

ಗಾಳಿ ಒಣಗಿದ ದಿನ ಬಂತು. ನಾವೆಲ್ಲ ಕಟ್ಟೆಯ ಕೆಳಗೆ ಸೇರಿದೆವು. ಹತ್ತಾಣೆಗಳು ಹೋದವು, ಹನ್ನೆರಡಾಣೆಗಳು ಹೋದವು. ಹಪ್ಪಳದವಳು ಮಡಿಸೀರೆ ಉಟ್ಟು, ಗಡಿಗೆಯನ್ನು ಸೊಂಟದ ಮೇಲಿಟ್ಟುಕೊಂಡು ಬಂದಳು. ರಾಗಿಯೊಳಗಿಂದ ಪೊಟ್ಟಣ ತೆಗೆದು ಕಂಬಳಿಯ ಮೇಲಿಟ್ಟಳು. ಬಿಸಿಲಿಗೆ ಮೇಣ ಹೊಳೆದು ಮುಂದಿನ ಸಾಲಿನವರು ಕಣ್ಣು ಕಿರಿದು ಮಾಡಿಕೊಂಡರು.

ಚಿನಿವಾರ ಮೂಸಿದ, ಬೆಳಕಿಗೆ ಹಿಡಿದ. "ಮೂಲೆ ನಾಲ್ಕು, ಮಡಿಕೆ ಎರಡು, ಬೆಸುಗೆ ಒಂದು. ಒಳಗಿರೋದು ಒಳಗೇ ಇರಲಿ."

"ಒಳಗೇ ಇರಲಿ," ಎಂದೆವು.

"ಏಳಾಣೆ," ಎಂದ ಚಿನಿವಾರ. "ಕೆಳಗಿನ ಮೂಲೆಗೆ ತೇವ ಹೊಕ್ಕಿದೆ."

"ಏಳಾಣೆ," ಎಂದೆವು. ಹಿಂದಿನಿಂದ ಯಾರೋ ಹೆಂಗಸು, "ಹಪ್ಪಳದೋಳ ಮನೇಲೇ ತೇವವಂತೆ," ಎಂದಳು. ಒಂದಿಬ್ಬರು ನಕ್ಕರು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ, ನಮ್ಮೂರಿನಲ್ಲಿ ಏಳಾಣೆಗೆ ಹಾಗೆ ನಗುವುದು ವಾಡಿಕೆ.

ಹಪ್ಪಳದವಳು ಬಾಯಿ ತೆರೆದಳು. "ಹೌದು," ಎಂದಳು. ಅಷ್ಟಕ್ಕೆ ನಿಂತಿತು.

ನಾವು ಕಾದೆವು. ಚಿನಿವಾರ ತಲೆ ಬಗ್ಗಿಸಿ, ತುಟಿ ಅಲ್ಲಾಡದಂತೆ, "ಹೇಳ್ಬಿಡಿ ಅವ್ವಾ," ಎಂದ.

"ಹೌದು, ನಾನು," ಎಂದಳು. ಮುಂದಿನ ಮಾತು ಜೋಪಾನ, ಅದು ಮಗನದು. ಅದನ್ನು ಹೇಳಿ ಅವನು ಹೊಳೆಗೆ ಹೋಗಿದ್ದ. ಅವಳು ತನ್ನ ಕೈ ನೋಡಿದಳು, ಗಡಿಗೆ ನೋಡಿದಳು, ನಕ್ಕವರ ಕಡೆ ನೋಡಿದಳು. ಅವಳ ಕತ್ತು ನಿಧಾನಕ್ಕೆ ನೆಟ್ಟಗಾಯಿತು.

"ಮಾಡಿದ್ದೀನಿ," ಎಂದಳು.

"ಅವ್ವಾ," ಎಂದ ಚಿನಿವಾರ.

"ಯಾವ ಮೂಲೆ? ತೋರ್ಸು. ಎಲ್ಲಿ ಹೊಕ್ಕಿದೆ ತೇವ? ಹುಣ್ಣಿಮೆ ತಪ್ಪದಂಗೆ ರಾಗಿ ಬದ್ಲಾಯಿಸಿದ್ದೀನಿ. ಜ್ವರ ಬಂದಾಗ್ಲೂ ಬದ್ಲಾಯಿಸಿದ್ದೀನಿ. ನನ್ನ ಮನೇಲಿ ತೇವ ಅಂತ ಯಾರೂ ಅನ್ನಂಗಿಲ್ಲ. ಇನ್ನೊಂದು ಸಲ ಮುಟ್ಟಿ ನೋಡು. ದೇವರಾಣೆ ಇಟ್ಟು ಹೇಳು."

ತಾನು ಏನು ಕೇಳುತ್ತಿದ್ದೇನೆ ಎಂದು ಅವಳಿಗೆ ತಿಳಿದಿತ್ತು. ಕಣ್ಣಿಂದ ನೀರು ಇಳಿಯುತ್ತಿತ್ತು, ಆದರೂ ಕೇಳುತ್ತಲೇ ಇದ್ದಳು. ಅವಳನ್ನು ದೂರಲು ನಮಗೆ ಬಾಯಿಲ್ಲ. ಅವಳ ಜಾಗದಲ್ಲಿ ನಮ್ಮಲ್ಲಿ ಯಾರೇ ನಿಂತಿದ್ದರೂ ಹಾಗೇ ಕೇಳುತ್ತಿದ್ದೆವು, ಇದೇ ಊರಿನ ಅನ್ನ ತಿಂದವರಲ್ಲವೇ.

ಚಿನಿವಾರ ಕೆಳಗಿನ ಮೂಲೆಯನ್ನು ಮತ್ತೆ ಮುಟ್ಟಿದ. ಅವಳ ಮುಖ ನೋಡಿದ, ಇನ್ನೂ ಸಮಯವಿದೆ ಎನ್ನುವ ಹಾಗೆ ತಡೆದ. ಅವಳು ತಡೆಯಲು ಬಿಡಲಿಲ್ಲ. "ಹೇಳು," ಎಂದಳು.

"ಹದಿನಾರಾಣೆ," ಎಂದ.

ನಾವು ಕೂಗಿದೆವು. ಹದಿನಾರಾಣೆ, ಹದಿನಾರಾಣೆ, ಹದಿನಾರಾಣೆ. ಏಣಿ ತಂದರು. ನಟ್ಟನಡುವಿನ ಗೂಡು ಒರೆಸಿದರು. ಪೊಟ್ಟಣವನ್ನು ಒಳಗಿಟ್ಟು, ಗಾಜು ಮುಚ್ಚಿ, ಸೀಸ ಹೊಯ್ದರು. ಹೆಂಗಸರು ಹಪ್ಪಳದವಳ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಮೊದಲು ನಕ್ಕವಳೇ ಮೊದಲು ಮುಟ್ಟಿದಳು. ಸೀಸ ಆರುವವರೆಗೂ ಹಪ್ಪಳದವಳು ಮೇಲೆ ನೋಡುತ್ತಾ ನಿಂತಿದ್ದಳು. ಅಷ್ಟು ಎತ್ತರ ಅವಳ ಕಣ್ಣಿಗೆ ನಿಲುಕುತ್ತಿರಲಿಲ್ಲ, ಒಂದು ಹೊಳಪು ಮಾತ್ರ ಕಂಡಿರಬೇಕು.

ಒಂದೇ ಪೊಟ್ಟಣಕ್ಕೆ ಎರಡು ಮಾತಾಡಿದ ಕೈಗೆ ನಮ್ಮಲ್ಲಿ ಒದ್ದೆ ಬಟ್ಟೆ ಕಟ್ಟುತ್ತಾರೆ. ತೇವದ ಬೆರಳು ಮೂಲೆ ಹಿಡಿಯಲಾರದು. ಚಿನಿವಾರ ತಾನಾಗಿಯೇ ಬಲಗೈ ಮುಂದೆ ಮಾಡಿದ. ಬಟ್ಟೆ ಕಟ್ಟಿದವರಿಗೆ, "ಈ ಅವ್ವನ ಮಗನ ಹೆಸರು ಕೆಂಚ," ಎಂದ. ಅವರು ಗಂಟು ಬಿಗಿಮಾಡಿ ಹೋದರು.

ಆಮೇಲೆ ಕಟ್ಟೆಗೆ ಹೊಸ ಚಿನಿವಾರ ಬಂದ. ಆದರೆ ಏಳು ಎಂದರೂ ಆರು ಎಂದರೂ ತಂದವರು ಈಗ ಒಪ್ಪುವುದಿಲ್ಲ. ಎಲ್ಲರೂ ಹಪ್ಪಳದವಳ ಹಾಗೆ ಕತ್ತು ನೆಟ್ಟಗೆ ಮಾಡಿ "ಮಾಡಿದ್ದೀನಿ" ಎನ್ನುತ್ತಾರೆ, ಇನ್ನೊಂದು ಸಲ ನೋಡು ಎನ್ನುತ್ತಾರೆ. ಹೊಸಬನಿಗೆ ಜಗಳವೂ ಬೇಡ, ಒದ್ದೆ ಬಟ್ಟೆಯೂ ಬೇಡ, ಈಗೀಗ ಮೊದಲೇ ಎಂಟು ಎಂದುಬಿಡುತ್ತಾನೆ. ಗೋಡೆಯನ್ನು ಎರಡು ಸಲ ಉದ್ದ ಮಾಡಿದ್ದೇವೆ. ಅಂದಿನಿಂದ ಯಾವ ಮನೆಯ ಸೂರಿನಿಂದಲೂ ಆ ಹೊಗೆ ಎದ್ದದ್ದು ನಾವು ಕಂಡಿಲ್ಲ.

ಹಪ್ಪಳದವಳ ಕಣ್ಣು ಪೂರ್ತಿ ಹೋಯಿತು. ಪಂಕ್ತಿಯಲ್ಲಿ ಅವಳಿಗೆ ಮೊದಲ ಎಲೆ; ಕೈ ಹಿಡಿದು ತಂದು ಕೂರಿಸುತ್ತೇವೆ. ಹಬ್ಬದ ದಿನ ಹೊಸ ಸೊಸೆಯಂದಿರನ್ನು ಕರೆತಂದು, ನೋಡು, ಹದಿನಾರಾಣೆ ಅವ್ವ ಇವರೇ, ಎಂದು ತೋರಿಸುತ್ತೇವೆ. ಉಳಿದ ಹೊತ್ತು ಅವಳು ಪಕ್ಕದ ಮನೆಯ ಜಗಲಿಯ ಮೇಲೆ ಕೂತಿರುತ್ತಾಳೆ. ಮಡಕೆಯವಳು ತಿಗರಿ ತಿರುಗಿಸುತ್ತಿರುತ್ತಾಳೆ.

"ಇನ್ನೊಂದು ಸಲ ಹೇಳೇ," ಎನ್ನುತ್ತಾಳೆ ಹಪ್ಪಳದವಳು.

"ಏನು ಹೇಳ್ಲವ್ವ?"

"ಅವತ್ತು ನೋಡಿದ್ಯಲ್ಲ, ಆ ಹುಡುಗ."

"ಎಡಗಡೆ ಹುಬ್ಬು ಸೀಳಿತ್ತು," ಎನ್ನುತ್ತಾಳೆ ಮಡಕೆಯವಳು, ಮಣ್ಣಿನಿಂದ ಕೈ ತೆಗೆಯದೆ. "ಕಿವಿ ಚೂರು ಮುಂದಕ್ಕೆ. ನಗು ತಡ್ಕೊಂಡು ನಿಂತಿದ್ದ."

ಹಪ್ಪಳದವಳು ಬೆರಳನ್ನು ಗಾಳಿಯಲ್ಲಿ ಇಟ್ಟು, ಹುಬ್ಬಿರುವ ಜಾಗದಲ್ಲಿ ನಿಧಾನವಾಗಿ ಎಳೆಯುತ್ತಾಳೆ. ಆಮೇಲೆ ಕಿವಿಯ ಜಾಗದಲ್ಲಿ.

"ಕೆಂಪಗಿದ್ನೇನೇ?"

ಮಡಕೆಯವಳಿಗೆ ಅದು ನೆನಪಿಲ್ಲ. ಅವಳು ಕಂಡದ್ದು ಯಾರೋ ಒಬ್ಬನನ್ನು, ಒಂದೇ ಒಂದು ಮಧ್ಯಾಹ್ನ, ಅದೂ ಬಣ್ಣ ಮಾಸಿದ ಚಿತ್ರದಲ್ಲಿ.

"ಇದ್ದ ಕಣವ್ವ," ಎನ್ನುತ್ತಾಳೆ. "ಕೆಂಪಗಿದ್ದ."

"ಹ್ಞೂ," ಎನ್ನುತ್ತಾಳೆ ಹಪ್ಪಳದವಳು, ಈ ಸಲ ತಲೆಯೆತ್ತಿ.